ಹೊಲ ಮಾಡುವವನ ಪಾಲು

(ತಾರ್ನಾಕದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಮೂರು ಪಾಲಾಯಿತು. ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ಸೀಮೆ ಮೈಸೂರಿಗೆ ಸೇರಿತು. ಹೊಳೆಯ ಈಚೆಗೆ ಕೃಷ್ಣಾ, ಮಕ್ತಲ್ ಕಡೆಯ ಕನ್ನಡ ಮನೆಗಳು ಆಂಧ್ರದಲ್ಲಿಯೇ ಉಳಿದವು. ಅಂಥದೊಂದು ಮನೆಯಿಂದ ಬಂದು ತಾರ್ನಾಕದಲ್ಲಿ ನೆಲೆಸಿದವರು ನಾವು. ಊರಿನಲ್ಲಿ ನಮಗೆ ನಾಲ್ಕು ಎಕರೆ ಹೊಲ ಉಂಟು. ಅದನ್ನು ಲಾವಣಿಗೆ ಕೊಟ್ಟಿದ್ದೇವೆ. ಈ ಸಭೆಯಲ್ಲಿರುವ ಅನೇಕರ ಸ್ಥಿತಿಯೂ ಇದೇ ಆಗಿರಬಹುದು.

2018ರ ಮೇ ತಿಂಗಳಲ್ಲಿ ತೆಲಂಗಾಣ ಸರಕಾರ ‘ರೈತು ಬಂಧು’ವನ್ನು ಆರಂಭಿಸಿ, ಎಕರೆಗೆ ಫಸಲೊಂದಕ್ಕೆ 4,000 ರೂಪಾಯಿ ಕೊಟ್ಟಿತು. 2019ರಲ್ಲಿ ಅದು 5,000 ಆಯಿತು. 2025ರ ಜನವರಿಯಲ್ಲಿ ‘ರೈತು ಭರೋಸಾ’ ಎಂಬ ಹೆಸರು ಪಡೆದು 6,000ಕ್ಕೆ ಏರಿತು. ಬೀಜ ಗೊಬ್ಬರಕ್ಕಾಗಿ ರೈತನು ಸಾಹುಕಾರನ ಬಾಗಿಲು ಕಾಯಬಾರದೆಂಬುದು ಇದರ ಉದ್ದೇಶ. ಬಹಳ ಒಳ್ಳೆಯ ಉದ್ದೇಶವೇ ಸರಿ. ಆದರೆ ಹಣ ಬಂದದ್ದು ಪಟ್ಟಾದಾರನ ಖಾತೆಗೆ. ಹೀಗೆ 2019ರ ದರದಲ್ಲಿ ವರ್ಷಕ್ಕೆ 40,000 ರೂಪಾಯಿ, ನೇಗಿಲು ಮುಟ್ಟದ ನಮ್ಮ ಕೈ ಸೇರಿತು. ಎರಡು ವರ್ಷ ಆ ಹಣವನ್ನು ನಾವು ಸುಮ್ಮನೆ ತೆಗೆದುಕೊಂಡೆವು.

ಮೂರನೆಯ ವರ್ಷ ಲಾವಣಿಯ ಹಣ ಕೊಡಲು ಬಂದ ಆತ, ಎಣಿಸಿ ಮುಂದಿಟ್ಟು, “ಧಣೇರ, ಹೊಲ ಮಾಡಾವ ನಾನು. ಸರಕಾರದ ಕಾಗದದಾಗ ನನ್ನ ಹೆಸರು ಎಲ್ಲೂ ಇಲ್ಲೇನ್ರಿ?” ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ.

ಗಡಿಯ ಆಚೆಗೂ ಇದೇ ಕಥೆ. 2019ರಲ್ಲಿ ಬಂದ ಕೇಂದ್ರದ ‘ಪಿ.ಎಂ. ಕಿಸಾನ್’ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. ಆದಾಯ ತೆರಿಗೆ ಕಟ್ಟುವವರನ್ನು ಅದು ಹೊರಗಿಟ್ಟಿದೆ. ಅಷ್ಟರ ಮಟ್ಟಿಗೆ ನ್ಯಾಯ. ಆದರೆ ಹೊಲ ತನ್ನ ಹೆಸರಿನಲ್ಲಿ ಇಲ್ಲದವನಿಗೆ ಅಲ್ಲಿಯೂ ಪಾಲಿಲ್ಲ. 2018ರ ಆಗಸ್ಟಿನಲ್ಲಿ ಬಂದ ‘ರೈತು ಬಿಮಾ’ದ ಐದು ಲಕ್ಷವೂ ಪಟ್ಟಾದಾರ ಸತ್ತರೆ ಅವನ ಮನೆಗೇ ಹೋಗುತ್ತದೆ. ಹೊಲದಲ್ಲಿ ಹಾವು ಕಚ್ಚುವುದು ಮಾತ್ರ ಉಳುವವನಿಗೆ.

ಲಾವಣಿಯನ್ನು ಬರೆದುಕೊಡೋಣವೆಂದರೆ ಒಡೆಯರಿಗೆ ಭಯ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯಲ್ಲಿ ಗೇಣಿದಾರರೇ ಒಡೆಯರಾದದ್ದನ್ನು ಹಿರಿಯರು ಮರೆತಿಲ್ಲ. ಆದ್ದರಿಂದ ಎಲ್ಲವೂ ಬಾಯಿಮಾತಿನ ಕರಾರು. ಕಾಗದವಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲವೂ ದುರ್ಲಭ. ಆ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಭಯಕ್ಕೆ ದಂಡ ತೆರುತ್ತಿರುವವನು ಅವನು.

ಕಾನೂನು ತಿದ್ದುವುದು ಸರಕಾರದ ಕೆಲಸ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದುಂಟು. ಖಾತೆಗೆ ಬಂದಷ್ಟು ಹಣವನ್ನು ಲಾವಣಿಯಲ್ಲಿ ಮುರಿದುಕೊಳ್ಳುವುದು, ಅಥವಾ ಬಿತ್ತನೆಗೆ ಮುಂಚೆ ಅವನ ಕೈಗೆ ಕೊಡುವುದು. ಆ ಪ್ರಶ್ನೆ ಕೇಳಿದ ವರ್ಷದಿಂದ ನಾವು ಹಾಗೆ ಮಾಡುತ್ತಿದ್ದೇವೆ. ಹಿಂದಿನ ಎರಡು ವರ್ಷದ ಬಾಕಿ ಇನ್ನೂ ಪೂರ್ತಿ ತೀರಿಲ್ಲ.

ನಾಡಿನ ಹಬ್ಬದ ದಿನ ಲೆಕ್ಕದ ಮಾತು ಆಡಿದೆವೆಂದು ಬೇಸರಿಸಬೇಡಿರಿ. ನಾಡೆಂದರೆ ನೆಲವಷ್ಟೆ, ನೆಲದ ಲೆಕ್ಕ ಚೊಕ್ಕವಾಗಿರಲಿ.