ನೋವಿನ ಮದ್ದು ಮತ್ತು ಕಾಡಿನ ಗಾಯ



ಮರದಿಂದ ಜಾರಿದವರು, ಹೊರೆ ಹೊತ್ತು ಸೊಂಟ ಹಿಡಿಸಿಕೊಂಡವರು, ಕಾಲು ಉಳುಕಿಸಿಕೊಂಡವರು ಇಲ್ಲದ ಊರು ಬೆಟ್ಟದ ಸೀಮೆಯಲ್ಲಿಲ್ಲ. ಇಂತಹ ನೋವಿಗೆಂದೇ ಚೀನಾ ದೇಶದಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಒಂದು ಹಚ್ಚುವ ಮದ್ದಿದೆ. ಅದರ ಹೆಸರು ದೀ-ದಾ-ಜಿಯು. ಎಂದರೆ, ಬಿದ್ದ ಪೆಟ್ಟಿಗೂ ಹೊಡೆತಕ್ಕೂ ಹಚ್ಚುವ ಮದ್ಯ. ದಕ್ಷಿಣ ಚೀನಾದ ಯುದ್ಧಕಲೆಯ ಗುರುಗಳು ಅನೇಕರು ಮೂಳೆ ಕೂಡಿಸುವ ವೈದ್ಯರೂ ಆಗಿದ್ದರು. ಫೋಶಾನ್ ಸೀಮೆಯ ವಾಂಗ್ ಫೇ ಹಂಗ್ ಅಂಥವರಲ್ಲಿ ಹೆಸರಾದವನು. ಒಂದೊಂದು ಗರಡಿಗೂ ತನ್ನದೇ ಪಾಕವಿದ್ದು, ಅದು ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಸಾಗಿಬರುತ್ತಿತ್ತು.

ಮದ್ದು ತಯಾರಿಸುವ ಕ್ರಮ ಸರಳವಾದುದು. ಬೇರು, ತೊಗಟೆ, ಹೂವು, ಮರದ ಅಂಟುಗಳನ್ನು ತರಿತರಿಯಾಗಿ ಕುಟ್ಟಿ, ಅಕ್ಕಿ ಅಥವಾ ಜೋಳದಿಂದ ಬಟ್ಟಿಯಿಳಿಸಿದ ಮದ್ಯದಲ್ಲಿ ನೆನೆಹಾಕಿ, ಜಾಡಿಯ ಬಾಯಿ ಬಿಗಿದು, ಬಿಸಿಲು ಬೀಳದೆಡೆಯಲ್ಲಿ ತಿಂಗಳುಗಟ್ಟಲೆ ಇಡುವುದು. ನೀರಿನಲ್ಲಿ ಕರಗದ ಅಂಟಿನ ಸಾರವನ್ನು ಮದ್ಯ ಕರಗಿಸಿಕೊಳ್ಳುತ್ತದೆ. ಪೆಟ್ಟು ಬಿದ್ದಲ್ಲಿ ರಕ್ತ ಕಟ್ಟಿ ನಿಲ್ಲುವುದರಿಂದಲೇ ನೋವು, ಅದನ್ನು ಚಲಿಸುವಂತೆ ಮಾಡಬೇಕು ಎಂಬುದು ಅಲ್ಲಿನ ವೈದ್ಯರ ತಿಳಿವಳಿಕೆ. ಕರ್ಪೂರ ಮತ್ತು ಪುದೀನದ ಸತ್ವಗಳು ಚರ್ಮದ ನರಗಳಲ್ಲಿ ಬಿಸಿ, ತಂಪುಗಳ ಅನುಭವ ಹುಟ್ಟಿಸಿ ನೋವಿನ ಅರಿವನ್ನು ತಗ್ಗಿಸುತ್ತವೆ ಎಂಬುದು ಇಂದಿನ ವಿಜ್ಞಾನದ ವಿವರಣೆ. ಜೊತೆಗೆ ತಿಕ್ಕುವ ಕೈಯ ಗುಣವೂ ಇದೆ.

ಈ ಜಾಡಿಯೊಳಗೆ ಸೇರುವ ವಸ್ತುಗಳ ಊರು ಕೇಳಿದರೆ ಅಚ್ಚರಿಯಾಗುತ್ತದೆ. ಕುಸುಬೆಯ ಹೂವು ಹೊಲದ್ದು. ಧೂಪದ ಅಂಟು ಮತ್ತು ರಕ್ತಬೋಳ ಅರೇಬಿಯಾ, ಪೂರ್ವ ಆಫ್ರಿಕಗಳ ಒಣಬೆಟ್ಟಗಳಿಂದ ಶತಮಾನಗಳ ಹಿಂದೆಯೇ ಹಡಗೇರಿ ಬಂದವು. ಕೆಂಪು ರಾಳವೊಂದು ಸುಮಾತ್ರಾದ ಕಾಡಿನಲ್ಲಿ ಮರಗಳನ್ನಪ್ಪಿ ಬೆಳೆಯುವ ಬೆತ್ತದ ಕಾಯಿಯಿಂದ ಬರುತ್ತದೆ. ಒಂದು ಸೀಸೆಯ ಹಿಂದೆ ಹಲವು ಕಾಡುಗಳಿವೆ. ಮನುಷ್ಯನ ಗಾಯ ಮಾಯುವಾಗ ಆ ಕಾಡುಗಳಿಗೆ ಏನಾಗುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಕರ್ಪೂರದ ಕಥೆಯನ್ನು ನೋಡಿ. ಕರ್ಪೂರದ ಮರವನ್ನು ಕಡಿದು, ಚಕ್ಕೆ ಮಾಡಿ, ಬಟ್ಟಿಯಿಳಿಸಿ ಅದನ್ನು ಪಡೆಯುತ್ತಿದ್ದರು. 1895ರಲ್ಲಿ ತೈವಾನನ್ನು ವಶಪಡಿಸಿಕೊಂಡ ಜಪಾನ್ ಸರ್ಕಾರ 1899ರಲ್ಲಿ ಅಲ್ಲಿನ ಕರ್ಪೂರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಮದ್ದಿಗಿಂತ ಹೆಚ್ಚಾಗಿ ಸೆಲ್ಯುಲಾಯ್ಡ್ ಕಾರ್ಖಾನೆಗಳಿಗೆ ಅದು ಬೇಕಾಗಿತ್ತು. ಮರಗಳಿದ್ದ ಬೆಟ್ಟಗಳು ಮೂಲನಿವಾಸಿಗಳ ನೆಲೆಯಾಗಿದ್ದವು. ಕಾವಲಿನ ಗಡಿಗಳು ಒಳಒಳಗೆ ಸರಿದಂತೆ ಅವರು ನೆಲೆ ಕಳೆದುಕೊಂಡರು. ಮುಂದೆ ಪೈನ್ ಮರದ ಟರ್ಪಂಟೈನಿನಿಂದ ಕರ್ಪೂರ ತಯಾರಿಸುವ ವಿಧಾನ ಬಂದಿತು. ಇಂದು ಮಂಗಳಾರತಿಗೆ ಉರಿಯುವ ಕರ್ಪೂರವೂ ಬಹುಪಾಲು ಅದೇ.

ಧೂಪದ ಅಂಟಿನ ಸ್ಥಿತಿ ಇನ್ನೂ ಕಳವಳದ್ದು. ಇಥಿಯೋಪಿಯ, ಎರಿಟ್ರಿಯ, ಸುಡಾನ್‌ಗಳ ಧೂಪದ ಮರಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಳೆಯ ಮರಗಳು ಸಾಯುತ್ತಿದ್ದು ದಶಕಗಳಿಂದ ಎಳೆಯ ಮರಗಳೇ ಮೇಲೇಳುತ್ತಿಲ್ಲವೆಂದು ತೋರಿಸಿತು. ಬೆಂಕಿ, ದನಗಳ ಮೇವು, ಮಿತಿಮೀರಿದ ಕೆತ್ತನೆ ಇದಕ್ಕೆ ಕಾರಣಗಳು. ಹಾಲ್ಮಡ್ಡಿ ಇಳಿಸುವಾಗ ಗಾಯ ಆಳವಾದರೆ ಮರ ಉಳಿಯದೆಂಬುದನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕೃಷಿ ಮಾಡಿದರಾಯಿತಲ್ಲವೇ? ಯುನ್ನಾನ್ ಪ್ರಾಂತದ ವೆನ್‌ಶಾನ್‌ನಲ್ಲಿ ಸಾನ್‌ಚಿ ಎಂಬ ಬೇರನ್ನು ನೆರಳಿನ ಚಪ್ಪರದಡಿ ಬೆಳೆಯುತ್ತಾರೆ. ಬೇರು ಕೀಳಲು ಮೂರು ವರ್ಷ ಬೇಕು. ಒಮ್ಮೆ ಬೆಳೆದ ಮಣ್ಣಿನಲ್ಲಿ ರೋಗ ತುಂಬಿ, ಅನೇಕ ವರ್ಷಗಳವರೆಗೆ ಅದೇ ಬೆಳೆ ಕೈಗೆ ಹತ್ತುವುದಿಲ್ಲ; ಬೆಳೆಗಾರ ಹೊಸ ನೆಲವನ್ನು ಹುಡುಕಬೇಕಾಗುತ್ತದೆ. ಕೃಷಿಯಿಂದ ಕಾಡುಗಿಡಕ್ಕೆ ಬಿಡುವು ದೊರೆತೀತು. ಆದರೆ ಮಣ್ಣಿಗೂ ಬಿಡುವು ಬೇಕು.

ಎಲ್ಲಕ್ಕಿಂತ ಕಠೋರವಾದುದು ಹುಲಿಯ ಮೂಳೆಯ ಕಥೆ. ಸಂಧಿವಾತಕ್ಕೆಂದು ಅದನ್ನು ಮದ್ಯದಲ್ಲಿ ನೆನೆಸಿ ಕುಡಿಯುತ್ತಿದ್ದರು, ಪಟ್ಟುಗಳಲ್ಲಿ ಸೇರಿಸುತ್ತಿದ್ದರು. 1993ರಲ್ಲಿ ಚೀನಾ ಸರ್ಕಾರವೇ ಈ ವ್ಯಾಪಾರವನ್ನು ನಿಷೇಧಿಸಿತು. ಕಳ್ಳಪೇಟೆ ಮಾತ್ರ ನಿಲ್ಲಲಿಲ್ಲ. ಮೂಳೆ, ಚರ್ಮಗಳಿಗಾಗಿ ನಡೆದ ಬೇಟೆಯಿಂದ ರಾಜಸ್ಥಾನದ ಸಾರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದು ಹುಲಿಯೂ ಉಳಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಚೀನಾ, ಸಾಕಿದ ಹುಲಿಯ ಮೂಳೆಯನ್ನು ವೈದ್ಯಕ್ಕೆ ಬಳಸಲು ಅವಕಾಶ ನೀಡುವ ಆದೇಶ ಹೊರಡಿಸಿ, ಲೋಕದ ವಿರೋಧ ಎದುರಾದಾಗ ನವೆಂಬರಿನಲ್ಲಿ ಜಾರಿಯನ್ನು ಮುಂದೂಡಿತು. ಇತ್ತ, ರಂಗೂನಿನಲ್ಲಿ ಹುಟ್ಟಿ ಸಿಂಗಪುರದಲ್ಲಿ ಬೆಳೆದ ಟೈಗರ್ ಬಾಮ್‌ನಲ್ಲಿ ಹುಲಿಯ ಕೂದಲೂ ಇಲ್ಲ. ತಯಾರಕರ ಮಗ ಆವ್ ಬೂನ್ ಹಾವ್‌ನ ಹೆಸರಿನಲ್ಲಿ ಹುಲಿ ಎಂಬ ಅರ್ಥವಿದೆ, ಅಷ್ಟೆ. ಕರ್ಪೂರ, ಪುದೀನ, ಲವಂಗದ ಎಣ್ಣೆಗಳಿಂದಲೇ ಅದು ಲೋಕವನ್ನೆಲ್ಲ ಸುತ್ತಿತು. ನೋವು ಕಳೆಯಲು ಹುಲಿ ಸಾಯಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಎಚ್ಚರಿಕೆಯ ಮಾತು. ದೀ-ದಾ-ಜಿಯುವಿನ ಕೆಲವು ಪಾಕಗಳಲ್ಲಿ ವತ್ಸನಾಭಿಯ ಜಾತಿಯ ಬೇರಿರುತ್ತದೆ. ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಆದುದರಿಂದ ಇಂಥ ಮದ್ದನ್ನು ಕುಡಿಯಬಾರದು, ತೆರೆದ ಗಾಯಕ್ಕೆ ಹಚ್ಚಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕರ್ಪೂರವೂ ಮಗುವಿನ ಹೊಟ್ಟೆ ಸೇರಿದರೆ ಅಪಸ್ಮಾರ ತರಬಲ್ಲದು. ಮೂಳೆ ಮುರಿದಿರುವ ಶಂಕೆಯಿದ್ದರೆ ತಿಕ್ಕದೆ ಆಸ್ಪತ್ರೆಗೆ ಒಯ್ಯುವುದೇ ಸರಿ.

ಮಿತ್ರರೇ, ಪಾರಂಪರಿಕ ಮದ್ದೆಂದ ಮಾತ್ರಕ್ಕೆ ಅದು ಕಾಡಿಗೆ ಹಿತವೆಂದು ತಿಳಿಯಲಾಗದು. ಪರದೇಶದ್ದೆಂದು ಹಗುರವಾಗಿ ಕಾಣಲೂ ಆಗದು. ಯಾವ ಮರ, ಅದರ ಯಾವ ಭಾಗ, ಎಷ್ಟು, ಮತ್ತೆ ಬೆಳೆಯಲು ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳನ್ನು ಅಂಗಡಿಯ ಸೀಸೆಗೂ ಮನೆಯ ಅಟ್ಟದ ಮೇಲಿನ ಎಣ್ಣೆಯ ಭರಣಿಗೂ ಸಮನಾಗಿ ಕೇಳುವ ರೂಢಿ ಬೆಳೆಯಬೇಕು. ಊರಿನ ನಾಟಿವೈದ್ಯರ ಬಳಿ ಕುಳಿತು ಈ ನಾಲ್ಕಕ್ಕೂ ಉತ್ತರ ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳು ಈ ವರ್ಷವೇ ಆರಂಭಿಸಬಹುದು.