ಕಾಲೇಜಿನ ಹೊಸಿಲಲ್ಲಿ ನಿಂತವರಿಗೆ

(ಸಾತನೂರಿನಲ್ಲಿ, ಈ ವರ್ಷ ಕಾಲೇಜು ಸೇರಲಿರುವ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇನ್ನು ಕೆಲವೇ ದಿನಗಳಲ್ಲಿ ನಿಮ್ಮಲ್ಲಿ ಕೆಲವರು ಕನಕಪುರಕ್ಕೂ, ಕೆಲವರು ಬೆಂಗಳೂರಿಗೂ, ಮತ್ತೆ ಕೆಲವರು ಮೈಸೂರಿಗೂ ವಿದ್ಯಾರ್ಜನೆಗಾಗಿ ತೆರಳುವಿರಿ. ನಿಮ್ಮ ಶುಲ್ಕದ ಹಣವು ಎಲ್ಲಿಂದ ಬರುವುದೆಂಬುದನ್ನು ನಾವು ಹೇಳಬೇಕಾದುದಿಲ್ಲ. ತಾಯಿ ಹಿಪ್ಪುನೇರಳೆಯ ಸೊಪ್ಪು ಕೊಯ್ದು, ತಂದೆ ನಿದ್ದೆಗೆಟ್ಟು ಹುಳು ಸಾಕಿ, ರಾಮನಗರದ ಗೂಡಿನ ಮಾರುಕಟ್ಟೆಯಿಂದ ತಂದ ಹಣವದು. ಅಂತಹ ಹಣದಿಂದ ಕಲಿಯಹೊರಟವರು ಗುರಿಯಿಲ್ಲದೆ ಹೋಗಲಾಗದು. ಗುರಿಯನ್ನಿಟ್ಟುಕೊಂಡು ನಡುದಾರಿಯಲ್ಲಿ ಸೋತು ಕೂರಲೂ ಆಗದು.

ಉಪದೇಶಕ್ಕೆ ಮುನ್ನ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕಾಲೇಜಿಗೆ ಸೇರಿದ ವರ್ಷ ನಾವು ಕೊಠಡಿಯ ಗೋಡೆಗೆ ಒಂದು ವೇಳಾಪಟ್ಟಿಯನ್ನು ಅಂಟಿಸಿದೆವು. ಬೆಳಗಿನ 4 ಗಂಟೆಗೆ ಏಳುವುದು ಮೊದಲುಗೊಂಡು ರಾತ್ರಿ 11ರವರೆಗೆ ಅದರಲ್ಲಿ ಒಂದು ಗಳಿಗೆಯೂ ಬಿಡುವಿರಲಿಲ್ಲ. ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ತಡವಾಗಿ ಎದ್ದೆವು. ಹತ್ತನೆಯ ದಿನ ಆ ಪಟ್ಟಿಯ ಕಡೆ ಕಣ್ಣೆತ್ತಲು ನಾಚಿಕೆಯಾಯಿತು. ದೀಪಾವಳಿಯ ಹೊತ್ತಿಗೆ ಪರೀಕ್ಷೆಯೊಂದರಲ್ಲಿ ತಪ್ಪಿದೆವು. ಆ ಕಾಗದವನ್ನು ತಂದೆಯವರಿಗೆ ತೋರಿಸುವ ಧೈರ್ಯವಾಗಲಿಲ್ಲ. ನಮ್ಮನ್ನು ಕೆಡಿಸಿದುದು ಸೋಮಾರಿತನವಲ್ಲ. ಒಂದು ದಿನ ತಪ್ಪಿದರೆ ಎಲ್ಲವೂ ತಪ್ಪಿತೆಂಬ ಭ್ರಾಂತಿ.

ಅಂದಿನಿಂದ ನಾವು ಕಲಿತುದು ಇಷ್ಟು. ಗುರಿ ದೊಡ್ಡದಿರಲಿ, ಆದರೆ ಈ ದಿನದ ಕೆಲಸ ಚಿಕ್ಕದಿರಲಿ. 'ನಾನು ಡಾಕ್ಟರಾಗುವೆನು' ಎಂಬುದು ಹಾರೈಕೆ. 'ಶನಿವಾರದೊಳಗೆ ಈ ಅಧ್ಯಾಯದ ಹತ್ತು ಲೆಕ್ಕಗಳನ್ನು ಮಾಡಿ ಮುಗಿಸುವೆನು' ಎಂಬುದು ಸಂಕಲ್ಪ. ನ್ಯಾಯಾಲಯದಲ್ಲಿ ವಾಯಿದೆಯ ಮೇಲೆ ವಾಯಿದೆ ಕೇಳುವ ಕಕ್ಷಿಗಾರರನ್ನು ನಾವು ನಿತ್ಯವೂ ಕಾಣುತ್ತೇವೆ. ಓದನ್ನು ನಾಳೆಗೆ ದೂಡುವ ವಿದ್ಯಾರ್ಥಿಯೂ ಅಂತಹವನೇ. ಭೇದವೇನೆಂದರೆ ಇಲ್ಲಿ ವಾದಿಯೂ ಅವನೇ, ಪ್ರತಿವಾದಿಯೂ ಅವನೇ, ಖರ್ಚನ್ನು ತೆರುವವನೂ ಅವನೇ.

ಕನ್ನಡ ಮಾಧ್ಯಮದಲ್ಲಿ ಕಲಿತು ಹೋಗುವವರಿಗೆ ಇನ್ನೊಂದು ಕಷ್ಟವಿದೆ. ಮೊದಲ ವಾರಗಳಲ್ಲಿ ಇಂಗ್ಲಿಷಿನ ಪಾಠವು ಕಿವಿಯ ಮೇಲಿನಿಂದ ಹಾರಿಹೋಗುವುದು. ಪಕ್ಕದವನು ತಲೆದೂಗುವಾಗ ನಾನೊಬ್ಬನೇ ದಡ್ಡನೆನಿಸುವುದು. ತಿಳಿಯದಿರುವುದು ಭಾಷೆಯೇ ಹೊರತು ವಿಷಯವಲ್ಲ. ಅಂದಿನ ಪಾಠದ ಸಾರವನ್ನು ಅಂದೇ ರಾತ್ರಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಎಲ್ಲಿ ಲೇಖನಿ ನಿಲ್ಲುವುದೋ ಅಲ್ಲಿ ನಿಮಗೆ ತಿಳಿದಿಲ್ಲವೆಂದರ್ಥ. ಅದನ್ನು ಮರುದಿನ ಅಧ್ಯಾಪಕರಲ್ಲಿ ಕೇಳಿರಿ. ತಾಯ್ನುಡಿಯಲ್ಲಿ ಅರಿತುದನ್ನು ಪರನುಡಿಯಲ್ಲಿ ಹೇಳುವುದು ಅಭ್ಯಾಸದಿಂದ ಸಾಧ್ಯ. ಯಾವ ನುಡಿಯಲ್ಲಿಯೂ ಅರಿಯದುದನ್ನು ಹೇಳುವ ಬಗೆಯೇ ಇಲ್ಲ.

ಉತ್ಸಾಹವು ಕುಗ್ಗುವ ದಿನಗಳೂ ಬಂದೇ ಬರುವುವು. ಆಗ ನಿಮ್ಮ ಮನೆಯ ತಟ್ಟೆಗಳನ್ನು ನೆನೆಯಿರಿ. ರೇಷ್ಮೆಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುವುದು; ಸೊಪ್ಪು ಮುಟ್ಟದೆ ತಲೆಯೆತ್ತಿ ನಿಶ್ಚಲವಾಗಿರುವುದು. ಹುಳು ಕೆಟ್ಟಿತೆಂದು ಯಾವ ರೈತನಾದರೂ ತಟ್ಟೆಯನ್ನು ತಿಪ್ಪೆಗೆ ಸುರಿಯುವನೇ? ಪೊರೆ ಕಳಚಿ ಎದ್ದ ಹುಳು ಮೊದಲಿಗಿಂತ ಹೆಚ್ಚು ಮೇಯುವುದು. ಆದುದರಿಂದ ಒಂದು ದಿನ ತಪ್ಪಿದರೆ ಚಿಂತೆಯಿಲ್ಲ. ಎರಡನೆಯ ದಿನ ಮತ್ತೆ ಕೂಡಿರಿ. ಅರ್ಧ ಗಂಟೆಯಾದರೂ ಸರಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬನು 1935ರಲ್ಲಿ ಬೆಂಗಳೂರಿನ ಶಾಲೆಗೆ ಸೇರಲು ಎರಡು ದಿನ ಕಾಲ್ನಡಿಗೆಯಲ್ಲಿ ಬಂದನು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿರುವಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಸೇರಿದನು, ಓದು ನಿಂತಿತು. ಬಿಡುಗಡೆಯಾದ ಮೇಲೆ ಅದೇ ಕಾಲೇಜಿಗೆ ಮರಳಿ ಭೌತಶಾಸ್ತ್ರದ ಪದವಿಗಳನ್ನು ಪೂರೈಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕನಾದನು. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು. ನಿಂತ ಓದು ಅವರಿಗೆ ಮುಗಿದ ಓದಾಗಲಿಲ್ಲ.

ಹಾಗೆಂದು ಪದವಿಯೇ ಪರಮಾರ್ಥವೆಂದು ತಿಳಿಯದಿರಿ. ನಮ್ಮ ನೆರೆಯ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳೂ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಗಣಿತಗಳನ್ನು ಓದುತ್ತಿದ್ದವರು. 1930ರಲ್ಲಿ ಸಿದ್ಧಗಂಗೆಯ ಹೊಣೆ ಬಂದುದರಿಂದ ಪದವಿ ಕೈಗೂಡಲಿಲ್ಲ. ಆದರೆ 2019ರಲ್ಲಿ ಕಣ್ಮುಚ್ಚುವವರೆಗೆ ಎಷ್ಟು ಸಾವಿರ ಬಡಮಕ್ಕಳಿಗೆ ಅನ್ನವೂ ಅಕ್ಷರವೂ ಅವರಿಂದ ದೊರೆತುವೆಂಬುದನ್ನು ನಾಡೇ ಬಲ್ಲುದು. ದಾರಿ ತಿರುಗಿತು, ಶಿಸ್ತು ತಿರುಗಲಿಲ್ಲ. ಕಲಿತವನ ಕಲಿಕೆ ಯಾರಿಗೆ ಒದಗಬೇಕೆಂಬ ಪ್ರಶ್ನೆಯೇ ಗುರಿಯ ಬೇರು.

ಹೆತ್ತವರಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ಒಂದು ಬಿನ್ನಹ. ಮಕ್ಕಳು ಊರಿಗೆ ಬಂದಾಗ 'ಎಷ್ಟು ಅಂಕ?' ಎಂದು ಮೊದಲು ಕೇಳಬೇಡಿರಿ. 'ಈ ವಾರ ಏನು ಕಲಿತೆಯಪ್ಪಾ?' ಎಂದು ಕೇಳಿರಿ. ಹಾಗೆ ಕೇಳುವ ಮನೆಯಲ್ಲಿ ಮಕ್ಕಳು ತಪ್ಪಿದ ಪರೀಕ್ಷೆಯ ಕಾಗದವನ್ನು ಬಚ್ಚಿಡಲಾರರು.

ವಿದ್ಯಾರ್ಥಿಗಳೇ, ಈ ರಾತ್ರಿ ಮನೆಗೆ ಹೋಗಿ ಒಂದು ಹಾಳೆಯಲ್ಲಿ ಮೂರೇ ಸಾಲು ಬರೆಯಿರಿ: ನಾನು ಏಕೆ ಓದುವೆನು, ಈ ವರ್ಷ ಏನನ್ನು ಮುಗಿಸುವೆನು, ಮೊದಲ ವಾರದಲ್ಲಿ ಏನು ಮಾಡುವೆನು. ಗೋಡೆಗೆ ಅಂಟಿಸಬೇಡಿರಿ, ಪುಸ್ತಕದೊಳಗೆ ಇಟ್ಟುಕೊಳ್ಳಿರಿ. ತಪ್ಪಿದ ದಿನ ಅದನ್ನು ತೆರೆದು ಓದಿರಿ.

ನಿಮಗೆಲ್ಲ ಮಂಗಳವಾಗಲಿ.