ಕಡಲಿನ ಕಾಯದೆಯಲ್ಲಿ ಕರಾವಳಿಯ ಮಾತು

(ಭಾವಿಕೇರಿಯ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ದೋಣಿಯವರಷ್ಟೇ ಇಲ್ಲ. ಗಿರಣಿಯಲ್ಲಿ ದುಡಿದು ರಜೆಯ ಮೇಲೆ ಊರಿಗೆ ಬಂದವರಿದ್ದೀರಿ. ಕಿರಾಣಿ ಅಂಗಡಿಯವರು, ಚಹದ ಅಂಗಡಿಯವರು, ಒಣಮೀನಿನ ವ್ಯಾಪಾರದವರು ಇದ್ದೀರಿ. ಮೀನು ಹಿಡಿಯುವ ಕಾಯದೆಗೂ ನಮಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಸಂಬಂಧವಿದೆ. ಬಂಗಡೆ ಬಾರದ ವರ್ಷ ಮೊದಲು ದೋಣಿಯವನ ಒಲೆ ಆರುತ್ತದೆ. ಆ ಬಳಿಕ ಮಂಜುಗಡ್ಡೆ ಹೊರುವವನ ಕೂಲಿ ನಿಲ್ಲುತ್ತದೆ. ಆಮೇಲೆ ಅಂಗಡಿಯ ಸಾಲದ ವಹಿ ದಪ್ಪವಾಗುತ್ತದೆ. ಕಡೆಗೆ ಗಿರಣಿ ಕೂಲಿಗಾರನ ಊಟದ ಬಟ್ಟಲಿನಿಂದ ಮೀನು ಮಾಯವಾಗುತ್ತದೆ. ಬಡವನ ಮಾಂಸವೆಂದರೆ ತಾರ್ಲೆ ಮತ್ತು ಬಂಗಡೆ. ಆದ್ದರಿಂದ ಕಡಲಿನ ಕಾಯದೆ ನಮ್ಮೆಲ್ಲರ ಕಾಯದೆ.

ಮೊದಲು ಕಾಯದೆ ಏನೆಂದು ನೋಡೋಣ. ನಮ್ಮ ಸಂವಿಧಾನವು ಮೀನುಗಾರಿಕೆಯನ್ನು ರಾಜ್ಯದ ಪಟ್ಟಿಯಲ್ಲಿ ಇರಿಸಿದೆ. ದಡದಿಂದ 12 ನಾವಿಕ ಮೈಲಿಯವರೆಗಿನ ನೀರು ರಾಜ್ಯದ ಆಡಳಿತಕ್ಕೆ ಸೇರಿದ್ದು. ಅದರಾಚೆ, 200 ನಾವಿಕ ಮೈಲಿಯವರೆಗೆ, ಕೇಂದ್ರದ ಅಧಿಕಾರ. ಕರ್ನಾಟಕ ಸರಕಾರವು 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯದೆಯನ್ನು ಮಾಡಿತು. ಮರುವರ್ಷ ಅದಕ್ಕೆ ನಿಯಮಗಳು ಬಂದವು. ಎಲ್ಲಿ ಹಿಡಿಯಬೇಕು, ಯಾವ ಬಲೆಯಿಂದ ಹಿಡಿಯಬೇಕು, ಯಾವ ತಿಂಗಳು ಹಿಡಿಯಬಾರದು ಎಂದು ಹೇಳುವ ಅಧಿಕಾರ ಸರಕಾರಕ್ಕೆ ಇದೆ. ಸಾಂಪ್ರದಾಯಿಕ ಮೀನುಗಾರರ ಹಿತ, ಮೀನು ಸಂತತಿಯ ರಕ್ಷಣೆ, ಕಡಲಿನಲ್ಲಿ ಶಾಂತಿ ಈ ಮೂರೂ ಇಂಥ ಕಾಯದೆಗಳ ಉದ್ದೇಶ.

ಈ ಕಾಯದೆ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿಯ ಹಿರಿಯರಿಗೆ ರಂಪಣಿಯ ದಿನಗಳು ನೆನಪಿರಬಹುದು. ಹತ್ತಾರು ಜನ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಿದ್ದ ಬಲೆ ಅದು. ಎಳೆದವರಿಗೆಲ್ಲ ಅದರಲ್ಲಿ ಪಾಲಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗಡೆ ಮತ್ತು ತಾರ್ಲೆಯ ಹಿಂಡು ದಡ ಸೇರುವ ಮೊದಲೇ ಅವನ್ನು ಸುತ್ತುವರಿದು ಎತ್ತಿಕೊಂಡವು. ರಂಪಣಿಯವರು ಬೀದಿಗಿಳಿದರು, ಕಡಲಿನ ಮೇಲೆಯೇ ಜಗಳವಾಯಿತು. ಆ ದಶಕದ ಕೊನೆಗೆ ದೇಶದ ಬೇರೆ ಬೇರೆ ಕರಾವಳಿಗಳಲ್ಲೂ ಇದೇ ಕೂಗು ಎದ್ದಿತು. ಹಾಗಾಗಿ ಕೇರಳ ಮತ್ತು ಗೋವೆಯಲ್ಲಿ 1980ರಲ್ಲಿ, ನಮ್ಮಲ್ಲಿ ಆರು ವರ್ಷ ತಡವಾಗಿ ಕಾಯದೆ ಬಂತು. ಅದನ್ನು ಹುಟ್ಟಿಸಿದ್ದು ಜನರ ಕೂಗು. ಆದರೆ ಕಾಯದೆ ಹುಟ್ಟಿದ ಮೇಲೆ ಅದರ ನಿಯಮ ಬರೆಯುವಾಗ ಜನರನ್ನು ಕರೆಯುವ ಪದ್ಧತಿ ಗಟ್ಟಿಯಾಗಿ ಬೆಳೆಯಲಿಲ್ಲ. ಇದೇ ನನ್ನ ಇಂದಿನ ದೂರು.

ಒಂದು ಹೋಲಿಕೆ ಕೊಡುತ್ತೇನೆ. ಕಳೆದ 2025ರ ಆಗಸ್ಟ್ 22ರಂದು ನಮ್ಮ ಪಕ್ಕದ ಕೇಣಿಯಲ್ಲಿ ಕಟ್ಟಬೇಕೆಂದಿರುವ ಬಂದರಿನ ಬಗ್ಗೆ ಅಂಕೋಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಮೀನುಗಾರರು, ಹೆಂಗಸರು, ಊರವರು ದೊಡ್ಡ ಸಂಖ್ಯೆಯಲ್ಲಿ ಬಂದು ವಿರೋಧವನ್ನು ಬಾಯಿಬಿಟ್ಟು ಹೇಳಿದರು. ಸರಕಾರ ಆ ಸಭೆಯನ್ನು ಕರುಣೆಯಿಂದ ಕರೆಯಲಿಲ್ಲ. ಪರಿಸರ ಪರಿಣಾಮದ 2006ರ ಅಧಿಸೂಚನೆ ಅದನ್ನು ಕಡ್ಡಾಯ ಮಾಡಿದೆ. 30 ದಿನ ಮೊದಲೇ ನೋಟೀಸು ಕೊಡಬೇಕು. ವರದಿಯ ಸಾರಾಂಶ ಜನರ ಭಾಷೆಯಲ್ಲಿ ಇರಬೇಕು. ಸಭೆಯ ಕೊನೆಗೆ, ಯಾರು ಏನು ಹೇಳಿದರೆಂಬ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಕೇಳದೆ ಇದ್ದರೂ ಕೇಳಿದಂತೆ ನಟಿಸುವ ಸಭೆಗಳೂ ಇವೆಯೆಂಬುದು ನನಗೆ ಗೊತ್ತು. ಆದರೂ ಬಾಗಿಲೊಂದು ಇದೆ. ಜನ ಅದನ್ನು ತಳ್ಳಬಹುದು.

ಬಲೆಯ ಕಣ್ಣಿನ ಅಳತೆ ಬದಲಾಯಿಸುವಾಗ ಇಂಥ ಬಾಗಿಲು ಎಲ್ಲಿದೆ? ಕರಡು ನಿಯಮವನ್ನು ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ರಾಜ್ಯಪತ್ರ ಓದುವ ಅಂಬಿಗನನ್ನು ನೀವು ನೋಡಿದ್ದೀರಾ? ಅವನು ನಸುಕಿನಲ್ಲಿ ಗಾಳಿ ನೋಡುತ್ತಾನೆ, ನೀರಿನ ಬಣ್ಣ ನೋಡುತ್ತಾನೆ. ಅವನು ದಡಕ್ಕೆ ಬರುವ ಹೊತ್ತಿಗೆ ಆಕ್ಷೇಪಣೆಯ ದಿನ ಮುಗಿದಿರುತ್ತದೆ. 2025ರ ನವೆಂಬರಿನಲ್ಲಿ ಕೇಂದ್ರ ಸರಕಾರ 12 ಮೈಲಿಯಾಚೆಯ ಮೀನುಗಾರಿಕೆಗೆ ಹೊಸ ನಿಯಮಗಳನ್ನು ಹೊರಡಿಸಿತು. ಯಾಂತ್ರಿಕ ಬೋಟುಗಳು ಆನ್‌ಲೈನಿನಲ್ಲಿ ಪ್ರವೇಶಪತ್ರ ಪಡೆಯಬೇಕು, ಸಾಂಪ್ರದಾಯಿಕ ದೋಣಿಗಳಿಗೆ ಅದು ಬೇಡ ಎಂದಿದೆ. ಇದು ಒಳ್ಳೆಯದೇ ಇರಬಹುದು. ಆದರೆ ನಮ್ಮ ದಡದಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದವರು ಯಾರು?

ಗಿರಣಿಯ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಕಾರ್ಖಾನೆಯ ಪಾಳಿ, ರಜೆ, ಶಿಸ್ತುಕ್ರಮ ಇವುಗಳ ಸ್ಥಾಯೀ ಆದೇಶಗಳನ್ನು ಮಾಲಿಕನೊಬ್ಬನೇ ಬರೆದು ಗೋಡೆಗೆ ಅಂಟಿಸುವ ಕಾಲವೊಂದಿತ್ತು. 1946ರ ಕಾಯದೆ ಬಂದು, ಕರಡನ್ನು ಕೂಲಿಗಾರರ ಸಂಘಕ್ಕೆ ಕಳಿಸಬೇಕು, ಅವರ ಆಕ್ಷೇಪಣೆ ಕೇಳಿದ ಮೇಲೆಯೇ ಪ್ರಮಾಣೀಕರಿಸಬೇಕು ಎಂದಿತು. ಗಿರಣಿಯ ಗೇಟಿನೊಳಗೆ 1946ರಲ್ಲಿ ಬಂದ ನ್ಯಾಯ ಕಡಲಿನ ದಡಕ್ಕೆ ಇನ್ನೂ ಏಕೆ ಬಂದಿಲ್ಲ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ನಿಯಮವೇ ಬೇಡವೆನ್ನುವವನು ಮೀನುಗಾರನ ಮಿತ್ರನಲ್ಲ. ಮಳೆಗಾಲದಲ್ಲಿ ಕಡಲಿಗಿಳಿಯದೆ ನೂಲಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸಿದ ಹಿರಿಯರಿಗೆ, ಮೀನು ಮೊಟ್ಟೆಯಿಡುವ ಕಾಲ ತಿಳಿದಿತ್ತು. ಇಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ. ಇದನ್ನು ಉಳಿಸಿಕೊಳ್ಳಬೇಕು. ಪ್ರಖರ ದೀಪ ಹಾಕಿ ಮೀನು ಸೆಳೆಯುವುದನ್ನೂ, ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ತನ್ನ ನೀರಿನಲ್ಲಿ ನಿಷೇಧಿಸಿತು. ಅದೂ ಬೇಕಾದದ್ದೇ. ಆದರೆ ಬೆರಳುದ್ದದ ಮರಿಯನ್ನು ಹಿಡಿದು ಮೀನುಹಿಟ್ಟಿನ ಕಾರ್ಖಾನೆಗೆ ತೂಗಿಕೊಡುವವನು ದೊಡ್ಡ ಬೋಟಿನವನಾದರೂ ಸಣ್ಣ ದೋಣಿಯವನಾದರೂ ನಾಳಿನ ಗಂಜಿಯನ್ನು ಇಂದೇ ಚೆಲ್ಲುತ್ತಾನೆ. ನಮ್ಮವನೆಂದು ಅವನನ್ನು ಮುಚ್ಚಿಡಬಾರದು.

ಮೇಲಿನಿಂದ ಇಳಿದ ನಿಯಮ ಒಳ್ಳೆಯದಾದರೂ ನಿಲ್ಲದು. 1940ರ ದಶಕದಲ್ಲಿ ತಾರ್ಲೆ ಕಡಮೆಯಾದಾಗ ಮದರಾಸು ಸರಕಾರ ತನ್ನ ಪಶ್ಚಿಮ ಕರಾವಳಿಯಲ್ಲಿ ಮರಿಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ಆಗ ನಾವು ಮುಂಬಯಿ ಆಧಿಪತ್ಯದಲ್ಲಿದ್ದೆವು. ಹಿಡಿಯುವವರ ಮನವೊಲಿಯದೆ ಹಾಕಿದ ಆ ನಿರ್ಬಂಧವನ್ನು ನಡೆಸಲಾಗದೆ ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡರು. ಇಷ್ಟುದ್ದದ ಕಡಲಿಗೆ ಕಾವಲು ಹಾಕಲು ಯಾವ ಇಲಾಖೆಗೂ ಸಾಧ್ಯವಿಲ್ಲ. ದೋಣಿಯವನೇ ಕಾವಲುಗಾರನಾಗಬೇಕು. ತಾನು ಒಪ್ಪಿ ಮಾಡಿದ ಕಟ್ಟಳೆಯನ್ನು ಮಾತ್ರ ಮನುಷ್ಯ ಕಾಯುತ್ತಾನೆ. ನೆರೆಯ ಕೇರಳ ಇದನ್ನು ಅರಿತು ತನ್ನ ಕಾಯದೆಯನ್ನು ತಿದ್ದಿ, ಊರಿನ ಮಟ್ಟದಿಂದ ರಾಜ್ಯದ ಮಟ್ಟದವರೆಗೆ ಮೀನುಗಾರಿಕಾ ಮಂಡಲಿಗಳಿಗೆ ಅವಕಾಶ ಮಾಡಿದೆ. ನಾವೂ ಕೇಳಬೇಕು.

ಒಮ್ಮೆ ಒಂದು ಸಭೆಯಲ್ಲಿ, ಅಧಿಕಾರಿಗಳ ಮಾತೆಲ್ಲ ಮುಗಿದ ಮೇಲೆ, ಮೀನು ಮಾರುವ ಮುದುಕಿಯೊಬ್ಬಳು ನನ್ನ ಬಳಿ ಬಂದು ಕೇಳಿದಳು: "ತಮಾ, ಬಲೆ ಕಣ್ಣು ಅಳೆವವ್ರು ನಮ್ಮ ಬುಟ್ಟಿ ನೋಡೂಕೆ ಯಾವಾಗ ಬತ್ರು?" ನನಗೆ ಉತ್ತರ ಹೊಳೆಯಲಿಲ್ಲ. ಬೋಟಿನ ಮಾಲಿಕರನ್ನು ಸಭೆಗೆ ಕರೆದಿದ್ದರು. ಬುಟ್ಟಿ ಹೊತ್ತವಳು ತಾನಾಗಿ ಬಂದಿದ್ದಳು. ಅವಳಿಗೆ ಕುಳಿತುಕೊಳ್ಳಲು ಕುರ್ಚಿಯೂ ಇರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಮೀನುಗಾರಿಕೆಯ ಪ್ರತಿಯೊಂದು ಕರಡು ನಿಯಮವನ್ನೂ ಕನ್ನಡದಲ್ಲಿ ಮೀನು ಇಳಿಸುವ ದಡದಲ್ಲಿ ಓದಿ ಹೇಳಬೇಕು. ಎರಡು, ಅಹವಾಲು ಸಭೆಯನ್ನು ಜೂನ್ ಜುಲೈ ತಿಂಗಳುಗಳಲ್ಲಿ, ಬೋಟುಗಳು ದಡದಲ್ಲಿರುವಾಗ ನಡೆಸಬೇಕು. ಮೂರು, ಮಾಲಿಕರ ಜತೆಗೆ ಕಲಾಸಿಗಳು, ಮೀನು ಮಾರುವ ಹೆಂಗಸರು, ಮಂಜುಗಡ್ಡೆ ಮತ್ತು ಒಣಮೀನಿನ ಕೆಲಸದವರು, ಸಣ್ಣ ವ್ಯಾಪಾರಿಗಳು ಇವರಿಗೂ ಮಾತಿನ ಹಕ್ಕಿರಬೇಕು. ನಾಲ್ಕು, ನಡಾವಳಿಯನ್ನು ಅಲ್ಲಿಯೇ ಓದಬೇಕು. ನಮ್ಮ ಸಲಹೆಯನ್ನು ತಳ್ಳಿಹಾಕಿದರೆ ಕಾರಣವನ್ನು ಬರೆದು ಕೊಡಬೇಕು.

ಅದು ಸಿಗುವವರೆಗೆ ನಾವೇನು ಮಾಡಬೇಕು? ಘೋಷಣೆಯ ಜತೆಗೆ ಲೆಕ್ಕ ಇಡಿರಿ. ಯಾವ ದಿನ ಎಲ್ಲಿ ದೀಪದ ಬೋಟು ಕಂಡಿತು, ಯಾವ ವಾರ ಎಷ್ಟು ಬುಟ್ಟಿ ತಾರ್ಲೆ ಬಂತು, ಅದರಲ್ಲಿ ಮರಿ ಎಷ್ಟು ಎಂದು ಶಾಲೆಗೆ ಹೋಗುವ ಮಗನ ಅಥವಾ ಮಗಳ ಕೈಯಲ್ಲಿ ಬರೆಯಿಸಿಡಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿ ಠರಾವು ಮಾಡಿರಿ. ಠರಾವಿನ ಪ್ರತಿಯನ್ನು ಮೀನುಗಾರಿಕೆ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗಡಿಕಾರ ಗೆಳೆಯರೇ, ಕಾಗದ ಮತ್ತು ಟಪಾಲಿನ ಖರ್ಚು ನಿಮ್ಮದಾಗಲಿ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಮ್ಮ ಹಿರಿಯರು ಇದೇ ಕಡಲಿನ ಉಪ್ಪನ್ನು ಕೈಗೆತ್ತಿಕೊಂಡು ಕಾಯದೆ ಮುರಿದರು. ನಮ್ಮನ್ನು ಕೇಳದೆ ಮಾಡಿದ ಕಾಯದೆ ನಮಗೆ ಬೇಡವೆಂದರು. ಇಂದು ನಮಗೆ ಮುರಿಯುವ ಕೆಲಸವಿಲ್ಲ, ಕಾಯದೆಯನ್ನು ಕೂಡಿ ಬರೆಯುವ ಕೆಲಸವಿದೆ. ಅದು ಇನ್ನೂ ಕಷ್ಟದ ಕೆಲಸ. ಬರುವ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬರಲಿ. ಬುಟ್ಟಿ ಹೊತ್ತ ತಾಯಂದಿರಿಗೆ ಮುಂದಿನ ಸಾಲಿನ ಕುರ್ಚಿ ಬಿಟ್ಟುಕೊಡೋಣ.